ರಸ್ತೆಗೆ ಬಿದ್ದ ತೋತಾಪುರಿ, ಬೆಂಗಳೂರಲ್ಲಿ ಇಳಿಯದ ಮಾವಿನ ಬೆಲೆ: ಯಾಕೆ ಹೀಗೆ?

2025ರ ಜೂನ್‌ನಲ್ಲಿ ಮಾವಿನ ಬಗ್ಗೆ ಮೂರು ಸುದ್ದಿಗಳು ಬೆನ್ನುಬೆನ್ನಿಗೆ ಬಂದವು. ಮೊದಲನೆಯದು, ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಬೆಲೆ ಕುಸಿದು ರೈತರು ಹಣ್ಣನ್ನು ರಸ್ತೆಗೆ ಸುರಿದರು. ಎರಡನೆಯದು, ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿ ಮಾವು ತನ್ನ ಗಡಿಯೊಳಗೆ ಬರಬಾರದು ಎಂದು ಆದೇಶ ಹೊರಡಿಸಿತು. ಮೂರನೆಯದು, ಕೇಂದ್ರ ಸರ್ಕಾರ ಕರ್ನಾಟಕದ 2.5 ಲಕ್ಷ ಟನ್ ಮಾವಿಗೆ ಬೆಲೆ ವ್ಯತ್ಯಾಸದ ಹಣ ಕೊಡಲು ಒಪ್ಪಿತು.

ಇದನ್ನೆಲ್ಲ ಓದಿ ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಹಣ್ಣಿನ ಅಂಗಡಿಗೆ ಹೋದವರಿಗೆ ಗೊಂದಲವಾಗಿದ್ದು ಸಹಜ. ಬಾದಾಮಿ ಮಾವಿನ ಬೆಲೆ ಅಷ್ಟಾಗಿ ಇಳಿದಿರಲಿಲ್ಲ. ಶ್ರೀನಿವಾಸಪುರ ಇರುವುದು ಬೆಂಗಳೂರಿನಿಂದ ಎರಡು ಮೂರು ಗಂಟೆಯ ದಾರಿಯಲ್ಲಿ. ಅಲ್ಲಿ ಕೇಳುವವರಿಲ್ಲದ ಹಣ್ಣು ಇಲ್ಲಿ ಯಾಕೆ ಅಗ್ಗವಾಗಲಿಲ್ಲ? ಮಾವು ಅಂದರೆ ಮಾವು ಅಲ್ವಾ?

ಅಲ್ಲ. ಗೊಂದಲ ಹುಟ್ಟುವುದೇ ಅಲ್ಲಿಂದ.

ತಿನ್ನುವ ಮಾವು, ಕುಡಿಯುವ ಮಾವು

ಬೆಂಗಳೂರಿಗರು ಹಣ್ಣು ಮಾಡಿ ತಿನ್ನುವ ಮಾವು ಬೇರೆ. ಬಾದಾಮಿ, ರಸಪುರಿ, ಸೇಂದೂರ, ಬಂಗನಪಲ್ಲಿ, ಮಲ್ಲಿಕಾ. ಬಾದಾಮಿ ಅನ್ನುವುದು ಅಲ್ಫಾನ್ಸೋಗೆ ನಮ್ಮ ಕಡೆಯ ಹೆಸರು. ರಾಮನಗರದ ತೋಪುಗಳಿಂದ ಅದು ಮೊದಲು ಬರುತ್ತದೆ, ಆಮೇಲೆ ಉಳಿದವು. ಇವೆಲ್ಲ ಮಂಡಿ, ಅಂಗಡಿ, ಕೈಗಾಡಿ ದಾಟಿ ಮನೆಗೆ ಬರುವ ಹಣ್ಣುಗಳು. ಇವುಗಳ ಬೆಲೆ ನಿಂತಿರುವುದು ಮನೆಯವರು ಎಷ್ಟು ಕೊಡುತ್ತಾರೆ ಎನ್ನುವುದರ ಮೇಲೆ.

ತೋತಾಪುರಿಯ ದಾರಿ ಹಾಗಲ್ಲ. ಉದ್ದ ಮೈ, ತುದಿಯಲ್ಲಿ ಗಿಣಿಯ ಕೊಕ್ಕಿನಂಥ ಚೂಪು. ಕನ್ನಡದಲ್ಲಿ ಗಿಣಿಮೂತಿ ಅನ್ನುತ್ತಾರೆ, ತಮಿಳಿನಲ್ಲಿ ಕಿಳಿಮೂಕು, ಚಿತ್ತೂರಿನ ಕಡೆ ಕಲೆಕ್ಟರ್ ಮಾವು. ತೋಟಗಾರಿಕೆಯ ಪುಸ್ತಕಗಳಲ್ಲಿ ಇದಕ್ಕೆ ಇನ್ನೊಂದು ಹೆಸರಿದೆ: ಬ್ಯಾಂಗಲೋರಾ. ನಮ್ಮ ಊರಿನ ಹೆಸರನ್ನೇ ಹೊತ್ತ ಈ ಹಣ್ಣನ್ನು ನಮ್ಮ ಊರಿನವರು ಹಣ್ಣು ಮಾಡಿ ತಿನ್ನುವುದು ಬಹಳ ಕಮ್ಮಿ.

ಕಾಯಿಯಾಗಿ ಮಾತ್ರ ಇಷ್ಟಪಟ್ಟು ತಿನ್ನುತ್ತಾರೆ. ಲಾಲ್‌ಬಾಗ್ ಗೇಟಿನ ಹೊರಗೆ, ಬಸ್ ನಿಲ್ದಾಣಗಳ ಪಕ್ಕ ಕೈಗಾಡಿಯ ಮೇಲೆ ಇದನ್ನು ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಓಟೆಯ ಎರಡೂ ಪಕ್ಕದ ಕೆನ್ನೆ ಕೊಯ್ಯುತ್ತಾರೆ. ಚಾಕು ಸಿಪ್ಪೆ ತಾಗದ ಹಾಗೆ ತಿರುಳನ್ನು ಉದ್ದುದ್ದ ಸೀಳುತ್ತಾರೆ. ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿದರೆ ಅದು ಹೂವಿನ ಹಾಗೆ ಅರಳಿಕೊಳ್ಳುತ್ತದೆ. ಮೇಲೆ ಉಪ್ಪು, ಖಾರದ ಪುಡಿ. ತಿರುಳು ಗಟ್ಟಿ, ಹಲ್ಲಿಗೆ ಕರಕರ, ಹುಳಿಯೂ ಹಿತ. ಮಾವಿನಕಾಯಿ ಚಿತ್ರಾನ್ನಕ್ಕೂ ಇದೇ ಒಗ್ಗುತ್ತದೆ.

ಆದರೆ ಹೀಗೆ ತಿಂದು ಎಷ್ಟು ಖರ್ಚಾದೀತು? ಕೇಂದ್ರ ಒಪ್ಪಿದ 2.5 ಲಕ್ಷ ಟನ್ ಎಂದರೆ 25 ಕೋಟಿ ಕೆಜಿ. ಬೆಂಗಳೂರಿನ ಜನಸಂಖ್ಯೆ 1.4 ಕೋಟಿ ಎಂದುಕೊಂಡರೂ ಎಳೆ ಕೂಸಿನಿಂದ ಹಿಡಿದು ಪ್ರತಿಯೊಬ್ಬರೂ ಎರಡು ತಿಂಗಳಲ್ಲಿ 18 ಕೆಜಿ ತಿನ್ನಬೇಕಾಗುತ್ತದೆ. ಅದು ಆಗದ ಮಾತು. ಅದಕ್ಕೇ ತೋತಾಪುರಿಯ ಬಹುಪಾಲು ಹೋಗುವುದು ಪಲ್ಪ್, ಅಂದರೆ ಅರೆದ ತಿರುಳು, ಮಾಡುವ ಕಾರ್ಖಾನೆಗೆ. ಅಲ್ಲಿಂದ ಮಾವಿನ ಪಾನೀಯದ ಬಾಟಲಿಗೆ, ಐಸ್‌ಕ್ರೀಮಿಗೆ, ಜಾಮಿಗೆ, ಕೊಲ್ಲಿ ದೇಶಗಳಿಗೆ. ಅಂದರೆ ತೋತಾಪುರಿಯನ್ನು ಕೊಳ್ಳುವವರು ಲಕ್ಷಾಂತರ ಮನೆಗಳಲ್ಲ, ಬೆರಳೆಣಿಕೆಯ ಊರುಗಳಲ್ಲಿರುವ ಕಾರ್ಖಾನೆಗಳು. ಅವು ಬೇಡ ಅಂದ ದಿನ ಆ ಹಣ್ಣಿಗೆ ಬೇರೆ ದಿಕ್ಕಿಲ್ಲ.

ಹಾಗಾದರೆ ರೈತ ಇದನ್ನೇ ಯಾಕೆ ಬೆಳೆದ?

ನಗರದಲ್ಲಿ ಈ ಪ್ರಶ್ನೆ ತುಂಬಾ ಸಲೀಸಾಗಿ ಬರುತ್ತದೆ. ಬಾದಾಮಿಗೆ ಒಳ್ಳೆ ಬೆಲೆ ಇರುವಾಗ ಬಾದಾಮಿ ಹಾಕಬಹುದಿತ್ತಲ್ಲ?

ಕೋಲಾರ, ಚಿಕ್ಕಬಳ್ಳಾಪುರದ ನೆಲ ನೋಡಿದರೆ ಉತ್ತರ ಸಿಗುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲ, ಬೋರ್‌ವೆಲ್ ಪಾತಾಳಕ್ಕೆ ಇಳಿದಿದೆ, ಮಳೆಯ ಭರವಸೆಯಿಲ್ಲ. ಅಂಥಲ್ಲಿ ತೋತಾಪುರಿ ಒಂದು ನಂಬಿಗಸ್ತ ಮರ. ಬಾದಾಮಿ ಒಂದು ವರ್ಷ ಮರ ತುಂಬ ಬಿಟ್ಟರೆ ಮರುವರ್ಷ ಕೈಕೊಡುತ್ತದೆ. ತೋತಾಪುರಿ ಹೆಚ್ಚುಕಡಿಮೆ ಪ್ರತಿ ವರ್ಷ ಬಿಡುತ್ತದೆ, ಅದೂ ಜಾಸ್ತಿ ಬಿಡುತ್ತದೆ. ಬಾದಾಮಿಯಲ್ಲಿ ಹೊರಗಿನಿಂದ ಚೆನ್ನಾಗಿ ಕಂಡ ಹಣ್ಣಿನ ಒಳಗೆ ಓಟೆಯ ಸುತ್ತ ತಿರುಳು ಸ್ಪಂಜಿನಂತೆ ಕೆಟ್ಟಿರುವ ತೊಂದರೆ ಉಂಟು. ತೋತಾಪುರಿಗೆ ಅದರ ಕಾಟವಿಲ್ಲ. ಸಿಪ್ಪೆ ದಪ್ಪ, ಹಾಗಾಗಿ ಲಾರಿಗೆ ತುಂಬಿ ಕಳಿಸಿದರೂ ಬೇಗ ನಲುಗುವುದಿಲ್ಲ. ಫಸಲು ಬರುವುದು ತಡವಾಗಿ, ಜೂನ್ ಜುಲೈನಲ್ಲಿ. ಕಾರ್ಖಾನೆಗಳು ಜೋರಾಗಿ ಓಡುವ ಹೊತ್ತೂ ಅದೇ.

ಹೀಗೆ ಮರದ ಕಡೆಯಿಂದ ನೋಡಿದರೆ ತೋತಾಪುರಿಯಲ್ಲಿ ದೋಷವೇ ಇಲ್ಲ. ಎಲ್ಲರಿಗೂ ಕೈಹಿಡಿಯುವ ಮರವಾದ್ದರಿಂದ ಎಲ್ಲರೂ ನೆಟ್ಟರು. ಕರ್ನಾಟಕದಲ್ಲಿ ನೆಟ್ಟರು, ಚಿತ್ತೂರಿನಲ್ಲಿ ನೆಟ್ಟರು, ತಮಿಳುನಾಡಿನ ಕೃಷ್ಣಗಿರಿಯಲ್ಲೂ ನೆಟ್ಟರು. ಹವಾಮಾನ ಹೊಂದಿಬಂದ ವರ್ಷ ಮೂರೂ ಕಡೆ ಒಟ್ಟಿಗೆ ಫಸಲು ಬರುತ್ತದೆ, ಒಟ್ಟಿಗೆ ಬೆಲೆ ಬೀಳುತ್ತದೆ.

ಈ ವರ್ಷದ ಹಣ್ಣು, ಹೋದ ವರ್ಷದ ಡ್ರಮ್ಮು

ಪಲ್ಪ್ ಮಾಡುವ ಬಗೆ ಗೊತ್ತಾದರೆ ಬೆಲೆಯ ಲೆಕ್ಕವೂ ಅರ್ಥವಾಗುತ್ತದೆ. ಹಣ್ಣನ್ನು ತೊಳೆದು, ಓಟೆ ಮತ್ತು ಸಿಪ್ಪೆ ಬೇರ್ಪಡಿಸಿ, ತಿರುಳನ್ನು ಸೋಸಿ, ಕಾಯಿಸಿ, ತಣಿಸಿ, ಗಾಳಿ ಆಡದ ಚೀಲಕ್ಕೆ ತುಂಬುತ್ತಾರೆ. ಆ ಚೀಲ 200 ಕೆಜಿಗೂ ಹೆಚ್ಚು ಹಿಡಿಯುವ ಡ್ರಮ್ಮಿನಲ್ಲಿ ಕೂರುತ್ತದೆ. ಫ್ರಿಜ್ ಬೇಕಿಲ್ಲ. ಒಂದೂವರೆ ಎರಡು ವರ್ಷ ಕೆಡುವುದಿಲ್ಲ.

ರೈತನ ಕೈ ಮತ್ತು ಕಾರ್ಖಾನೆಯ ಕೈ ಇಲ್ಲೇ ಬೇರೆಯಾಗುತ್ತವೆ. ರೈತ ಕಿತ್ತ ಕಾಯಿಗೆ ವಾರ ಹತ್ತು ದಿನದ ಆಯಸ್ಸು. ಕಾರ್ಖಾನೆಯ ಡ್ರಮ್ಮಿಗೆ ಎರಡು ವರ್ಷದ ಆಯಸ್ಸು. ಹಿಂದಿನ ವರ್ಷದ ಪಲ್ಪ್ ಮಾರಾಟವಾಗದೆ ಗೋದಾಮಿನಲ್ಲಿ ಉಳಿದಿದ್ದರೆ ಕಾರ್ಖಾನೆಗೆ ಈ ವರ್ಷ ಹಣ್ಣಿನ ಆತುರವೇ ಇರುವುದಿಲ್ಲ. ಕಾಯಬಹುದು, ಕಮ್ಮಿ ಕೊಳ್ಳಬಹುದು, ಸುಮ್ನೆ ಗೇಟು ಹಾಕಿಕೊಂಡೂ ಇರಬಹುದು. 2025ರಲ್ಲಿ ಘಟಕಗಳು ಹೇಳಿದ ಮುಖ್ಯ ಕಾರಣವೂ ಇದೇ: ಹಳೇ ದಾಸ್ತಾನು ಖಾಲಿಯಾಗಿಲ್ಲ, ಹೊರದೇಶದ ಆರ್ಡರ್ ಇಳಿದಿದೆ. ನಮ್ಮ ಮಾವಿನ ಪಲ್ಪ್‌ಗೆ ಸೌದಿ ಅರೇಬಿಯಾ, ಯೆಮನ್, ನೆದರ್ಲೆಂಡ್ಸ್ ದೊಡ್ಡ ಗಿರಾಕಿಗಳು. ಆ ಕಡೆ ಯುದ್ಧ, ಹಡಗಿನ ಬಾಡಿಗೆ ಏರಿಕೆ ಏನೇ ಆದರೂ ಅದರ ಬಿಸಿ ತಿರುಗಿ ಶ್ರೀನಿವಾಸಪುರದ ಮಂಡಿಗೆ ತಟ್ಟುತ್ತದೆ.

ಬಾಟಲಿಯ ಕಡೆಯಿಂದಲೂ ಲೆಕ್ಕ ಹಾಕಿ ನೋಡೋಣ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಹಣ್ಣಿನ ಪಾನೀಯದಲ್ಲಿ ಹಣ್ಣಿನ ಅಂಶ ಕನಿಷ್ಠ ಶೇ 10 ಇದ್ದರೆ ಸಾಕು. ಉಳಿದದ್ದು ನೀರು, ಸಕ್ಕರೆ. ಒಂದು ಲೀಟರಿಗೆ 100 ಗ್ರಾಂ ಪಲ್ಪ್ ಅಂದರೆ ಸುಮಾರು 200 ಗ್ರಾಂ ಹಣ್ಣು. ರೈತನಿಗೆ ಕೆಜಿಗೆ ₹4 ಸಿಕ್ಕಿದೆ ಎಂದಿಟ್ಟುಕೊಂಡರೆ ಆ ಲೀಟರಿನಲ್ಲಿ ಹಣ್ಣಿನ ಪಾಲು 80 ಪೈಸೆ. ಕೆಜಿಗೆ ₹12 ಕೊಟ್ಟರೂ ₹2.40. ಕಾರ್ಖಾನೆಯ ಖರ್ಚು, ಡ್ರಮ್ಮು, ಸಾಗಣೆ ಎಲ್ಲ ಬೇರೆ ಇರುತ್ತದೆ, ನಿಜ. ಹೆಚ್ಚು ಪಲ್ಪ್ ಹಾಕುವ ಪಾನೀಯಗಳೂ ಇವೆ. ಹಾಗಿದ್ದರೂ ರೈತನ ಬೆಲೆ ಮೂರು ಪಟ್ಟು ಆದರೆ ಲೀಟರಿಗೆ ಬೀಳುವ ಹೆಚ್ಚುವರಿ ಹೊರೆ ಎರಡು ಮೂರು ರೂಪಾಯಿಯ ಆಸುಪಾಸು ಅಷ್ಟೇ.

2025ರ ಸೆಪ್ಟೆಂಬರ್ 22ರಿಂದ ಹಣ್ಣಿನ ಪಲ್ಪ್ ಹಾಕಿದ ಪಾನೀಯಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಆ ಉಳಿತಾಯದಲ್ಲಿ ಒಂದು ಚೂರಾದರೂ ತೋಪಿನ ಕಡೆ ಹರಿಯುವ ಹಾಗೆ ಮಾಡಲು ಈಗ ಯಾವ ವ್ಯವಸ್ಥೆಯೂ ಇಲ್ಲ. ತೆರಿಗೆ ಇಳಿದು ಪಾನೀಯ ಜಾಸ್ತಿ ಮಾರಾಟವಾದರೆ ಡ್ರಮ್ಮುಗಳು ಬೇಗ ಖಾಲಿಯಾಗಬಹುದು. ರೈತನಿಗೆ ಅದರಿಂದ ಸಿಗಬಹುದಾದ ಲಾಭ ಅಷ್ಟು, ಅದೂ ಸುತ್ತು ಬಳಸಿ.

ಚಿತ್ತೂರು ಬಾಗಿಲು ಹಾಕಿದ್ದೇಕೆ

ತೋತಾಪುರಿ ಪಲ್ಪ್‌ನ ದೊಡ್ಡ ಕೇಂದ್ರಗಳು ಎರಡು: ಚಿತ್ತೂರು ಮತ್ತು ಕೃಷ್ಣಗಿರಿ. ಎರಡೂ ಕರ್ನಾಟಕದ ಹೊರಗೆ, ಎರಡೂ ನಮ್ಮ ಗಡಿಗೆ ಹತ್ತಿರ. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹಣ್ಣು ಮೊದಲಿನಿಂದಲೂ ಚಿತ್ತೂರಿಗೆ ಹೋಗುತ್ತಿತ್ತು.

2025ರಲ್ಲಿ ಅಲ್ಲೂ ಬೆಲೆ ಬಿದ್ದಿತ್ತು. ಆಂಧ್ರ ಸರ್ಕಾರ ಮಧ್ಯೆ ಬಂದು ಒಂದು ಸೂತ್ರ ಮಾಡಿತು. ಕಾರ್ಖಾನೆ ಕೆಜಿಗೆ ₹8 ಕೊಡಬೇಕು, ಸರ್ಕಾರ ಅದರ ಮೇಲೆ ₹4 ಸೇರಿಸುತ್ತದೆ, ರೈತನಿಗೆ ₹12. ಕೇಳಲು ಚೆನ್ನಾಗಿದೆ. ಆದರೆ ಗಡಿಯಾಚೆ ಕರ್ನಾಟಕದಲ್ಲಿ ಅದೇ ಹಣ್ಣು ₹8ಕ್ಕಿಂತ ಕಮ್ಮಿಗೆ ಸಿಗುತ್ತಿದ್ದರೆ ಕಾರ್ಖಾನೆಯವನು ಯಾವುದನ್ನು ಕೊಳ್ಳುತ್ತಾನೆ? ಅಗ್ಗದ್ದನ್ನೇ. ಆಗ ಆಂಧ್ರದ ರೈತನ ಹಣ್ಣು ಹಾಗೇ ಉಳಿಯುತ್ತದೆ. ನಮ್ಮ ಹಣ್ಣನ್ನು ಅಲ್ಲಿಯದೆಂದು ತೋರಿಸಿ ಸಹಾಯಧನ ಹೊಡೆಯುವ ದಾರಿಯೂ ತೆರೆಯುತ್ತದೆ. ಹಾಗಾಗಿ ಬೆಲೆ ಕಟ್ಟಿದ ಸರ್ಕಾರಕ್ಕೆ ಗೋಡೆಯನ್ನೂ ಕಟ್ಟಬೇಕಾಯಿತು. ಜೂನ್ 7ರಂದು ಚಿತ್ತೂರಿನ ಜಿಲ್ಲಾಧಿಕಾರಿಯ ಆದೇಶ ಬಂತು. ಚೆಕ್‌ಪೋಸ್ಟ್‌ಗಳಲ್ಲಿ ಲಾರಿಗಳನ್ನು ತಡೆಯುವುದು ಶುರುವಾಯಿತು.

ಆಂಧ್ರದ ವಾದ ಇಷ್ಟು: ನಮ್ಮ ಖಜಾನೆಯ ಹಣ, ಅದು ನಮ್ಮ ರೈತನಿಗೆ ಮುಟ್ಟಬೇಕು. ಈ ವಾದದಲ್ಲಿ ತರ್ಕ ಇಲ್ಲ ಅನ್ನಲಾಗದು.

ಕರ್ನಾಟಕದ ವಾದ ಬೇರೆ. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದು ಆದೇಶ ಹಿಂಪಡೆಯಲು ಕೇಳಿದರು. ಮುನ್ಸೂಚನೆಯಿಲ್ಲದೆ ಸುಗ್ಗಿಯ ನಡುವೆ ಬಾಗಿಲು ಹಾಕಿದ್ದು ಒಕ್ಕೂಟ ವ್ಯವಸ್ಥೆಗೆ ತಕ್ಕದ್ದಲ್ಲ ಎಂಬುದು ಅವರ ಆಕ್ಷೇಪ. ಸಂವಿಧಾನವೂ ಈ ಕಡೆಗೇ ಇದೆ. 301ನೇ ವಿಧಿ ದೇಶದೊಳಗೆ ವ್ಯಾಪಾರ ಮುಕ್ತವಾಗಿರಬೇಕು ಎನ್ನುತ್ತದೆ. ಸಾರ್ವಜನಿಕ ಹಿತಕ್ಕಾಗಿ ರಾಜ್ಯವೊಂದು ನಿರ್ಬಂಧ ಹಾಕಬೇಕಾದರೆ ಶಾಸನಸಭೆಯ ಮೂಲಕ, ಅದೂ ರಾಷ್ಟ್ರಪತಿಯ ಪೂರ್ವಾನುಮತಿ ಪಡೆದು ಹಾಕಬೇಕು ಎನ್ನುತ್ತದೆ 304ನೇ ವಿಧಿ. ಜಿಲ್ಲಾ ಮಟ್ಟದ ಒಂದು ಆದೇಶ ಆ ಒರೆಗಲ್ಲಿಗೆ ನಿಲ್ಲುವುದು ಕಷ್ಟ.

ಆದರೆ ಕೋರ್ಟಿಗೆ ಹೋಗಿ ತೀರ್ಪು ತರುವ ಹೊತ್ತಿಗೆ ಹಣ್ಣು ಉಳಿದಿರುತ್ತದೆಯೇ? ಲಾರಿಯಲ್ಲಿರುವ ಮಾವು ಮುಂದಿನ ವಿಚಾರಣೆಯ ದಿನಾಂಕಕ್ಕೆ ಕಾಯುವುದಿಲ್ಲ. ಕಾನೂನು ನಮ್ಮ ಪರ ಇದ್ದೂ ಫಸಲು ಕೈತಪ್ಪಿದ್ದು ಹೀಗೆ.

₹1,616 ಅಂದರೆ ರೈತನ ಕೈಗೆ ಎಷ್ಟು?

ಕೇಂದ್ರದ ನೆರವಿನ ಸುದ್ದಿ ಬಂದಾಗ ಕ್ವಿಂಟಾಲ್‌ಗೆ ₹1,616 ಎಂಬ ಅಂಕಿ ಎಲ್ಲ ಕಡೆ ಓಡಾಡಿತು. ಸರ್ಕಾರ ಕೆಜಿಗೆ ₹16 ಕೊಟ್ಟು ಹಣ್ಣು ಕೊಳ್ಳುತ್ತದೆ ಎಂದೇ ಬಹಳ ಜನ ತಿಳಿದರು. ಹಾಗಿಲ್ಲ.

ಭತ್ತ, ರಾಗಿಗೆ ಇರುವ ಕನಿಷ್ಠ ಬೆಂಬಲ ಬೆಲೆ ಮಾವಿಗಿಲ್ಲ. ಬೇಗ ಕೆಡುವ ತೋಟಗಾರಿಕೆ ಬೆಳೆಗಳಿಗೆ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಅಂತ ಬೇರೆಯೇ ಇದೆ. ಬೆಲೆ ಹಿಂದಿನ ಸಾಮಾನ್ಯ ವರ್ಷಕ್ಕಿಂತ ಕನಿಷ್ಠ ಶೇ 10 ಕುಸಿದಾಗ ರಾಜ್ಯ ಕೇಳಿದರೆ ಇದು ಜಾರಿಗೆ ಬರುತ್ತದೆ. 2025ರ ಆರಂಭದಲ್ಲಿ ಇದರ ನಿಯಮ ಬದಲಾಯಿತು. ರಾಜ್ಯದ ಒಟ್ಟು ಫಸಲಿನ ಶೇ 25ರವರೆಗೆ ನೆರವು ಕೊಡಬಹುದು. ಹಣ್ಣು ಕೊಳ್ಳುವ ಬದಲು ಬೆಲೆ ವ್ಯತ್ಯಾಸವನ್ನು ನೇರ ರೈತನ ಖಾತೆಗೆ ಹಾಕಬಹುದು. ರಾಜ್ಯದ ಅಂದಾಜು ಫಸಲು 8ರಿಂದ 10 ಲಕ್ಷ ಟನ್. 10 ಲಕ್ಷದ ಕಾಲು ಭಾಗ 2.5 ಲಕ್ಷ. ಆ ಅಂಕಿ ಬಂದಿದ್ದು ಹೀಗೆ.

₹1,616 ಎನ್ನುವುದು ಮಧ್ಯಪ್ರವೇಶ ಬೆಲೆ, ಅಂದರೆ ಹೋಲಿಕೆಗೆ ಇಟ್ಟ ಗುರುತು. ಮಾರುಕಟ್ಟೆ ಬೆಲೆಗೂ ಇದಕ್ಕೂ ಇರುವ ಅಂತರ ರೈತನಿಗೆ ಸಿಗುತ್ತದೆ, ಆದರೆ ಅದು ₹1,616ರ ಶೇ 25 ದಾಟುವಂತಿಲ್ಲ. ಅಂದರೆ ಕ್ವಿಂಟಾಲ್‌ಗೆ ಹೆಚ್ಚೆಂದರೆ ₹404, ಕೆಜಿಗೆ ₹4 ಚಿಲ್ಲರೆ. ಇದನ್ನು ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಹೊರುತ್ತವೆ. 2.5 ಲಕ್ಷ ಟನ್ನಿಗೆ ಒಟ್ಟು ₹101 ಕೋಟಿ.

ಮಂಡಿಯಲ್ಲಿ ₹5 ಸಿಕ್ಕವನಿಗೆ ಇದು ಸೇರಿ ₹9 ಆಯಿತು. ಕರ್ನಾಟಕ ಕೇಂದ್ರಕ್ಕೆ ಬರೆದ ಪತ್ರದಲ್ಲಿ ಕೃಷಿ ಬೆಲೆ ಆಯೋಗ ಲೆಕ್ಕ ಹಾಕಿದ ಮಾವಿನ ಉತ್ಪಾದನಾ ವೆಚ್ಚ ಕ್ವಿಂಟಾಲ್‌ಗೆ ₹5,466. ಗುರುತಿನ ಬೆಲೆಯೇ ಆ ವೆಚ್ಚದ ಮೂರನೇ ಒಂದು ಭಾಗಕ್ಕಿಂತ ಕೆಳಗಿದೆ. ಕೆಜಿಗೆ ₹4 ಏನೂ ಇಲ್ಲದ್ದಕ್ಕಿಂತ ಮೇಲು, ಕಾಯಿ ಕೀಳುವ ಕೂಲಿ, ಲಾರಿ ಬಾಡಿಗೆಗಾದರೂ ಆಗುತ್ತದೆ. ಆದರೆ ಇದನ್ನು ಬೆಂಬಲ ಬೆಲೆ ಎಂದು ಕರೆದರೆ ತಪ್ಪು ತಿಳಿವಳಿಕೆ ಕೊಟ್ಟ ಹಾಗಾಗುತ್ತದೆ.

ಇನ್ನೊಂದು ತೊಡಕಿದೆ. ನಮ್ಮ ಕಡೆ ಎಷ್ಟೋ ತೋಪುಗಳು ಹೂವಿನಲ್ಲೇ ಗುತ್ತಿಗೆ ಹೋಗುತ್ತವೆ. ವ್ಯಾಪಾರಿ ಮುಂಗಡ ಕೊಟ್ಟು ಇಡೀ ಫಸಲನ್ನು ಹಿಡಿದಿರುತ್ತಾನೆ, ಔಷಧಿ ಹೊಡೆಸುವುದು, ಕಾವಲು, ಕೀಳಿಸುವುದು ಎಲ್ಲ ಅವನದೇ. ಪಹಣಿ ಮಾತ್ರ ಜಮೀನಿನ ಮಾಲೀಕನ ಹೆಸರಲ್ಲಿ ಇರುತ್ತದೆ. ಬೆಲೆ ಬಿದ್ದರೆ ನಷ್ಟ ಗುತ್ತಿಗೆದಾರನಿಗೆ, ಪರಿಹಾರ ದಾಖಲೆ ಇದ್ದವನಿಗೆ. ಮರುವರ್ಷ ಗುತ್ತಿಗೆದಾರ ತೋಪಿನ ಕಡೆ ಬರುವುದಿಲ್ಲ, ಬಂದರೂ ಅರ್ಧ ಬೆಲೆಗೆ ಕೇಳುತ್ತಾನೆ. ಆಗ ನಷ್ಟ ಮಾಲೀಕನ ತಲೆಗೂ ಬರುತ್ತದೆ.

ನಮ್ಮಲ್ಲೇ ಸಾಕಷ್ಟು ಕಾರ್ಖಾನೆ ಯಾಕಿಲ್ಲ

ರೈತ ಸಂಘಟನೆಗಳ ಬೇಡಿಕೆ ಸರಳ: ಶ್ರೀನಿವಾಸಪುರದಲ್ಲೇ ಪಲ್ಪ್ ಘಟಕ ಬರಲಿ, ಆಂಧ್ರದ ಬಾಗಿಲು ಕಾಯುವುದು ತಪ್ಪಲಿ. ಇದು ನ್ಯಾಯವಾದ ಬೇಡಿಕೆ. ಆದರೆ ಕಟ್ಟಡ ಎದ್ದ ಮಾತ್ರಕ್ಕೆ ಕಾರ್ಖಾನೆ ಓಡುವುದಿಲ್ಲ.

ಮಾವಿನ ಪಲ್ಪ್ ಘಟಕಕ್ಕೆ ಕೆಲಸ ಇರುವುದು ವರ್ಷದಲ್ಲಿ ಎರಡು ಎರಡೂವರೆ ತಿಂಗಳು. ಉಳಿದ ಒಂಬತ್ತೂವರೆ ಹತ್ತು ತಿಂಗಳು ಸಾಲದ ಬಡ್ಡಿ ಮಾತ್ರ ಓಡುತ್ತಿರುತ್ತದೆ. ಅದಕ್ಕೇ ಅಂಥ ಘಟಕಗಳು ಸೀಬೆ, ಪಪ್ಪಾಯಿಯನ್ನೂ ಅರೆಯುತ್ತವೆ. ಕೋಲಾರದಲ್ಲಿ ಟೊಮೆಟೊ ಇದೆಯಲ್ಲ ಎನ್ನಬಹುದು, ದೇಶದಲ್ಲೇ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಅದೊಂದು. ಆದರೆ ಅಲ್ಲಿ ಬೆಳೆಯುವುದು ಹೆಚ್ಚಾಗಿ ಸಾರಿಗೆ, ಪಲ್ಯಕ್ಕೆ ಹೋಗುವ ತಳಿ. ಪ್ಯೂರಿಗೆ ಬೇಕಾದಷ್ಟು ಗಟ್ಟಿ ರಸ ಅದರಲ್ಲಿಲ್ಲ. ಬೇರೆ ತಳಿ ಬೆಳೆಸಬೇಕು, ಮೊದಲೇ ಬೆಲೆ ಗೊತ್ತುಮಾಡಿ ಒಪ್ಪಂದ ಮಾಡಿಕೊಳ್ಳಬೇಕು. ನೀರಿನ ಪ್ರಶ್ನೆಯೂ ಚಿಕ್ಕದಲ್ಲ. ಹಣ್ಣು ತೊಳೆಯಲು ಕುಡಿಯುವ ಗುಣಮಟ್ಟದ ನೀರು ಬೇಕು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಅದನ್ನು ಇದಕ್ಕೆ ಬಳಸಲಾಗದು.

ಇದೆಲ್ಲ ಇದ್ದರೂ ಘಟಕ ಬೇಕು. ಹಣ್ಣಿನ ತೂಕದಲ್ಲಿ ಸುಮಾರು ಅರ್ಧ ಸಿಪ್ಪೆ, ಓಟೆಯಾಗಿ ಹೊರಹೋಗುತ್ತದೆ. ಸಿಪ್ಪೆಯಿಂದ ಜಾಮಿಗೆ ಬೇಕಾದ ಪೆಕ್ಟಿನ್ ತೆಗೆಯಬಹುದು. ಓಟೆಯೊಳಗಿನ ಬೀಜದ ಕೊಬ್ಬು ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯ ಜಾಗವನ್ನು ಒಂದಿಷ್ಟು ತುಂಬುತ್ತದೆ. ಹಣ್ಣು ಕಾಯಿಯಾಗಿಯೇ ಗಡಿ ದಾಟಿದರೆ ಈ ಆದಾಯವೂ, ಇದರ ಕೂಲಿಯೂ ಅದರ ಜೊತೆಗೇ ಹೋಗುತ್ತದೆ.

ತಳಿ ಬದಲಿಸಿದರೆ ಸಾಕೇ

ಹಳೇ ಮರವನ್ನು ಬುಡಸಮೇತ ಕೀಳಬೇಕಿಲ್ಲ. ಕೊಂಬೆಗಳನ್ನು ಕತ್ತರಿಸಿ, ಹೊಸ ಚಿಗುರಿಗೆ ಮಲ್ಲಿಕಾ ಅಥವಾ ಬೇರೆ ತಳಿಯ ಕಸಿ ಕಟ್ಟಿದರೆ ಕೆಲವೇ ವರ್ಷದಲ್ಲಿ ಅದೇ ಬೇರಿನ ಮೇಲೆ ಬೇರೆ ಹಣ್ಣು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅರ್ಕಾ ಅರುಣ, ಅರ್ಕಾ ಪುನೀತ್, ಅರ್ಕಾ ಉದಯ ಥರದ ತಳಿಗಳನ್ನೂ ಕೊಟ್ಟಿದೆ. ದಾರಿ ಇದೆ.

ಎಲ್ಲರೂ ಒಟ್ಟಿಗೆ ಆ ದಾರಿ ಹಿಡಿದರೆ ಮಾತ್ರ ತೊಂದರೆ. ತಿನ್ನುವ ಮಾವಿನ ಮಾರುಕಟ್ಟೆಗೂ ಒಂದು ಮಿತಿ ಇದೆ. ಇವತ್ತು ತೋತಾಪುರಿಗೆ ಆದದ್ದು ನಾಳೆ ಮಲ್ಲಿಕಾಗೆ ಆಗಬಹುದು. ಜೊತೆಗೆ ಕಸಿ ಕಟ್ಟಿದ ಮೇಲೆ ಫಸಲು ಬರುವವರೆಗಿನ ವರ್ಷಗಳ ಖರ್ಚನ್ನು ಎರಡು ಎಕರೆಯ ರೈತ ಎಲ್ಲಿಂದ ತರಬೇಕು? ಹತ್ತು ಮರ ಇದ್ದಲ್ಲಿ ಮೂರನ್ನು ಬದಲಿಸಿ ಏಳನ್ನು ಉಳಿಸಿಕೊಳ್ಳುವುದೇ ಸದ್ಯಕ್ಕೆ ಬುದ್ಧಿವಂತಿಕೆ ಎಂದು ತೋರುತ್ತದೆ.

ಬೆಂಗಳೂರಿನ ಮೇಳಗಳು, ಹಾಪ್‌ಕಾಮ್ಸ್ ಮಳಿಗೆಗಳು, ಮಾವು ನಿಗಮ ಅಂಚೆಯ ಮೂಲಕ ಮನೆಗೆ ಕಳಿಸುವ ಪೆಟ್ಟಿಗೆಗಳು ಒಳ್ಳೆಯ ಕೆಲಸವನ್ನೇ ಮಾಡುತ್ತಿವೆ. ಆದರೆ ಅವು ಬಾದಾಮಿ, ರಸಪುರಿಯ ರೈತನಿಗೆ ದಾರಿ, ತೋತಾಪುರಿಯವನಿಗಲ್ಲ. ಅವನಿಗೆ ಬೇಕಾದ್ದು ಪಲ್ಪ್ ಕೊಳ್ಳುವ ದೊಡ್ಡ ಕೈ. ಹಾಲು ಮಿಕ್ಕಾಗ ಕೆಎಂಎಫ್ ಪುಡಿ ಮಾಡಿಡುತ್ತದೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ ಆ ಹಾಲು ಶಾಲೆಯ ಮಕ್ಕಳಿಗೆ ಹೋಯಿತು, ಹಾಲು ಉತ್ಪಾದಕರಿಗೂ ಒಂದು ಖಾಯಂ ಗಿರಾಕಿ ಸಿಕ್ಕಂತಾಯಿತು. ಮಾವಿನ ಪಲ್ಪ್‌ಗೂ ಅಂಥದೊಂದು ಸರ್ಕಾರಿ ಗಿರಾಕಿ ಇದ್ದರೆ ಬೆಲೆಗೆ ಒಂದು ನೆಲ ಸಿಗುತ್ತದೆ. ಹಾಲಿನಂತೆ ದಿನವೂ ಸಂಗ್ರಹಿಸುವ ಕಷ್ಟ ಇದಕ್ಕಿಲ್ಲ, ಎರಡು ತಿಂಗಳ ಕೆಲಸ ಅಷ್ಟೇ.

ಹೂವು ಬಿಡುವ ಮೊದಲು

ಇದಕ್ಕೆಲ್ಲ ಹಣ, ಕಾಲ ಎರಡೂ ಬೇಕು. ಹೆಚ್ಚು ಖರ್ಚಿಲ್ಲದೆ ಬೇಗ ಮಾಡಬಹುದಾದ ಕೆಲಸ ಒಂದಿದೆ.

ಮಾವು ಹೂವು ಬಿಡುವುದು ಡಿಸೆಂಬರ್, ಜನವರಿಯ ಹೊತ್ತಿಗೆ. ತೋಪಿನ ಗುತ್ತಿಗೆ ಕುದುರುವುದು ಆಗ. ಔಷಧಿ, ಗೊಬ್ಬರ, ಕಾವಲು ಅಂತ ದುಡ್ಡು ಸುರಿಯುವುದು ಅಲ್ಲಿಂದ ಮುಂದೆ. ಆ ಹೊತ್ತಿಗೆ ಕಾರ್ಖಾನೆಯವನಿಗೆ ತನ್ನ ಗೋದಾಮಿನಲ್ಲಿ ಎಷ್ಟು ಡ್ರಮ್ಮು ಉಳಿದಿದೆ ಅನ್ನುವುದು ಗೊತ್ತಿರುತ್ತದೆ. ರೈತನಿಗೆ ಅದು ಗೊತ್ತಾಗುವುದು ಜೂನ್‌ನಲ್ಲಿ, ಲಾರಿ ಗೇಟಿನ ಮುಂದೆ ಸಾಲು ನಿಂತಾಗ. ಚಿತ್ತೂರು, ಕೃಷ್ಣಗಿರಿ, ಕೋಲಾರದ ಪಲ್ಪ್ ದಾಸ್ತಾನನ್ನು ಮೂರೂ ರಾಜ್ಯಗಳು ಒಟ್ಟಾಗಿ ಪ್ರತಿ ನವೆಂಬರ್‌ನಲ್ಲಿ ಪ್ರಕಟಿಸಲಿ. ಡ್ರಮ್ಮು ತುಂಬಿದೆ ಎಂದು ಮೊದಲೇ ತಿಳಿದರೆ ರೈತ ಔಷಧಿಯ ಖರ್ಚು ಕಡಿಮೆ ಮಾಡಬಹುದು, ಒಂದಿಷ್ಟು ಕಾಯನ್ನು ಎಳೆಯದಾಗಿರುವಾಗಲೇ ಉಪ್ಪಿನಕಾಯಿಗೆ, ಬೆಂಗಳೂರಿನ ಕೈಗಾಡಿಗಳಿಗೆ ಕಳಿಸಬಹುದು, ಗುತ್ತಿಗೆಯ ಮಾತನ್ನೂ ಅದಕ್ಕೆ ತಕ್ಕಂತೆ ಆಡಬಹುದು. ಸರ್ಕಾರಗಳಿಗೂ ನೆರವಿನ ಕಡತ ಮಾರ್ಚ್‌ನಲ್ಲೇ ತೆರೆಯಲು ಕಾರಣ ಸಿಗುತ್ತದೆ, ಹಣ್ಣು ರಸ್ತೆಗೆ ಬೀಳುವ ತನಕ ಕಾಯಬೇಕಿಲ್ಲ.